ದುಬೈ ಮೊದಲು ತೆಗೆದದ್ದು ತೈಲ ಅಲ್ಲ, ಹೂಳು

ದುಬೈ ಹೇಗೆ ಬೆಳೀತು ಅಂತ ಕೇಳಿದ್ರೆ ನೀವೂ "ತೈಲ ಸಿಕ್ತಲ್ಲ" ಅಂತೀರಿ, ಅಲ್ವಾ? ಇಸವಿಗಳನ್ನು ಒಮ್ಮೆ ನೋಡಿ.

1900ರ ಆಸುಪಾಸಿನಲ್ಲಿ ಅದು ಮುತ್ತಿನ ವ್ಯಾಪಾರದ ಸಣ್ಣ ಊರು. ಎದುರು ದಡದಲ್ಲಿ, ಪರ್ಷಿಯಾದ ಲೆಂಗೆ ಬಂದರಿನಲ್ಲಿ ಸುಂಕ ಏರಿತು. ದುಬೈನ ಶೇಖ್ ಸುಂಕವನ್ನೇ ತೆಗೆದುಹಾಕಿದರು. ಅಲ್ಲಿನ ಎಷ್ಟೋ ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಈಚೆ ದಡಕ್ಕೆ ಬಂದರು.

1930ರ ದಶಕದಲ್ಲಿ ಜಪಾನಿನ ಸಾಕಣೆ ಮುತ್ತಿನ ಎದುರು ಇಲ್ಲಿನ ಮುತ್ತಿನ ವ್ಯಾಪಾರ ನೆಲಕಚ್ಚಿತು. ಉಳಿದ ಆಸ್ತಿ ಅಂದ್ರೆ ಊರೊಳಗೆ ಚಾಚಿದ ಕಡಲ ತೋಳು, ದುಬೈ ಕ್ರೀಕ್. ಅದರಲ್ಲೂ ಹೂಳು!

1960ರ ಆಸುಪಾಸಿನಲ್ಲಿ ಶೇಖ್ ರಶೀದ್ ಕುವೈತ್‌ನಿಂದ ಸಾಲ ತಂದು ಹೂಳೆತ್ತಿಸಿದರು. ಪಕ್ಕದ ಶಾರ್ಜಾದ ಕ್ರೀಕ್ ಹೂಳು ತುಂಬಿಕೊಂಡೇ ಇತ್ತು, ಅಲ್ಲಿನ ವ್ಯಾಪಾರ ದುಬೈಗೆ ಹೊರಳಿತು. ತೈಲ ಸಿಕ್ಕಿದ್ದು ಇದಾದ ಮೇಲೆ, 1966ರಲ್ಲಿ. ಆ ದುಡ್ಡೂ ಬಂದರಿಗೇ ಹೋಯ್ತು: 1979ರಲ್ಲಿ ಜೆಬೆಲ್ ಅಲಿ, 1985ರಲ್ಲಿ ಅದರ ಪಕ್ಕ ಮುಕ್ತ ವಲಯ. ಸ್ಥಳೀಯ ಪಾಲುದಾರ ಇಲ್ಲದೆಯೂ ಹೊರದೇಶದವರು ಅಲ್ಲಿ ಕಂಪನಿ ನಡೆಸಬಹುದು.

ಹೀಗೆ ವ್ಯಾಪಾರ ಮಾಡೋಕೆ ಕಾರಣ ಸಿಕ್ತು. ಬದುಕೋಕೆ? ಬಿಸಿಲಲ್ಲಿ ನಿಂತು ಆ ಕಟ್ಟಡಗಳನ್ನು ಕಟ್ಟಿದ ಕೂಲಿಯವರ ವಾಸ ಕೆಲಸದ ವೀಸಾಗೆ ಅಂಟಿಕೊಂಡಿತ್ತು. ಕೆಲಸ ಹೋದ್ರೆ ಊರೂ ಹೋಯ್ತು. ನಮ್ಮ ಕರಾವಳಿಯಿಂದ ಹೋದ ಎಷ್ಟೋ ಜನರಿಗೆ ಇದು ಹೊಸ ವಿಷಯವಲ್ಲ.

ನಿಮ್ಮ ಮಾವನೋ ಚಿಕ್ಕಪ್ಪನೋ ಅಲ್ಲಿದ್ದರೆ ಈ ವಾರ ಫೋನ್ ಮಾಡಿದಾಗ ಕೇಳಿ: ಹೋದದ್ದು ಯಾಕೆ, ಉಳಿದದ್ದು ಯಾಕೆ? ಉತ್ತರ ಎರಡೂ ಒಂದೇನಾ ಅಂತ ಕಾಮೆಂಟ್‌ನಲ್ಲಿ ಬರೀರಿ.