ಚಿಂತೆ ಚರ್ಮಕ್ಕಿಳಿಯುವ ಬಗೆ

2023ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮರುಬೇಸಿಗೆಯಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್‌ ನೀರು ಹೊಡೆಸಿ ಅಡಿಕೆ ಮರ ಉಳಿಸಿಕೊಂಡವರು ಬಹಳ. ಸೂಳೆಕೆರೆಯ ಅಚ್ಚುಕಟ್ಟಿನವರಿಗೆ ಕೆರೆಯ ನೀರು ಎಲ್ಲಿಯವರೆಗೆ ಬಂದೀತೆಂಬ ಚಿಂತೆ. ಜಗಳೂರಿನವರಿಗೆ ಬಿತ್ತಿದ್ದು ಮೇಲೆದ್ದೀತೇ ಎಂಬುದೇ ಚಿಂತೆ. ಇಂಥ ದಿನಗಳಲ್ಲಿ ಹಳೆಯ ಸೋರಿಯಾಸಿಸ್ ಮತ್ತೆ ಕೆರಳುತ್ತದೆ, ಇಸುಬು ಒಸರತೊಡಗುತ್ತದೆ, ಕತ್ತಿನ ಹಿಂಬದಿಯನ್ನು ರಾತ್ರಿಯೆಲ್ಲ ಕೆರೆದು ಕೆರೆದು ಚರ್ಮ ದಪ್ಪಗಟ್ಟುತ್ತದೆ. ‘ಹೀಟಾಗಿದೆ’ ಎಂದು ಮನೆಯವರು ಎಳನೀರು ಕುಡಿಸುತ್ತಾರೆ, ಮೆಡಿಕಲ್ ಶಾಪಿನವರು ಮುಲಾಮು ಕೊಡುತ್ತಾರೆ. ನಿದ್ದೆ ಹೇಗಿದೆ, ಸಾಲ ಎಷ್ಟಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯೂ ಚಿಕಿತ್ಸೆಯ ಭಾಗವೇ ಎಂಬುದನ್ನು ವೈದ್ಯಶಾಸ್ತ್ರ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ಸುಳಿವು ಹಳೆಯದೇ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಕುಷ್ಠಾಧ್ಯಾಯವು ಚರ್ಮರೋಗಗಳ ಕಾರಣ ಹೇಳುವಾಗ ವಿರುದ್ಧಾಹಾರ, ವೇಗಧಾರಣೆ (ಮಲಮೂತ್ರಾದಿಗಳನ್ನು ತಡೆಹಿಡಿಯುವುದು)ಗಳ ಜೊತೆಗೆ ಭಯವನ್ನೂ ಶ್ರಮವನ್ನೂ ಎಣಿಸುತ್ತದೆ. ಅದೇ ಅಧ್ಯಾಯದಲ್ಲಿ ತೊನ್ನಿಗೆ ಸುಳ್ಳಾಡುವುದು, ಉಪಕಾರ ಮರೆಯುವುದು, ದೇವರನ್ನು ನಿಂದಿಸುವುದು ಕಾರಣವೆಂಬ ಮಾತೂ ಇದೆ. ನಮ್ಮ ಸಮಾಜ ಮೊದಲನೆಯದನ್ನು ಮರೆತು ಎರಡನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ತೊನ್ನು ಬಂದ ಹೆಣ್ಣುಮಗಳು ಇವತ್ತಿಗೂ ತಾನು ಮಾಡದ ಪಾಪದ ಲೆಕ್ಕ ಕೊಡಬೇಕಾಗಿ ಬಂದಿರುವುದು ಅದರಿಂದಲೇ.

ಪಶ್ಚಿಮದಲ್ಲೂ ದಾರಿ ನೇರವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿನ ಎರಾಸ್ಮಸ್ ವಿಲ್ಸನ್ ಚರ್ಮದ ಕೆಲವು ಕಾಯಿಲೆಗಳನ್ನು ನರಗಳಿಗೆ ಸಂಬಂಧಿಸಿ ವಿವರಿಸಿದರು. 1891ರಲ್ಲಿ ಫ್ರಾನ್ಸಿನ ಬ್ರೋಕ್ ಮತ್ತು ಜಾಕೆ, ಕೆರೆತದಿಂದಲೇ ಬೆಳೆಯುವ ಇಸುಬಿಗೆ ‘ನ್ಯೂರೋಡರ್ಮಟೈಟಿಸ್’ ಎಂದು ಹೆಸರಿಟ್ಟರು. ಮುಂದೆ ಮನೋವಿಶ್ಲೇಷಣೆಯ ಕಾಲ. ಷಿಕಾಗೋದ ಫ್ರಾಂಜ್ ಅಲೆಕ್ಸಾಂಡರ್ ಒಳಮನಸ್ಸಿನ ತಿಕ್ಕಾಟದಿಂದ ಬರುವುವೆಂದು ಗುರುತಿಸಿದ ಏಳು ಕಾಯಿಲೆಗಳಲ್ಲಿ ಇದೂ ಒಂದು. ಮಗುವಿಗೆ ಇಸುಬಾದರೆ ತಾಯಿಯ ಪ್ರೀತಿ ಸಾಲದೆಂದು ದೂರಿದವರೂ ಆಗ ಇದ್ದರು. ಪಾಪದ ಹೊರೆಯನ್ನು ಇಳಿಸಿ ತಾಯಿಯ ತಲೆಗೆ ಹೊರಿಸಿದಂತಾಯಿತು. ಈ ಕ್ಷೇತ್ರ ಮಾಡಿದ ಅತಿ ದೊಡ್ಡ ಅನ್ಯಾಯ ಅದೇ ಎಂದು ನನ್ನ ಎಣಿಕೆ.

ದೂರುವುದನ್ನು ಬಿಟ್ಟು ಅಳೆಯುವುದಕ್ಕೆ ತೊಡಗಿದಾಗ ಚಿತ್ರ ಬದಲಾಯಿತು. 1936ರಲ್ಲಿ ಹ್ಯಾನ್ಸ್ ಸೆಲ್ಯೆ, ಬೇರೆಬೇರೆ ಬಗೆಯ ಹಿಂಸೆಗೆ ಗುರಿಯಾದ ಇಲಿಗಳ ದೇಹ ಒಂದೇ ರೀತಿ ಕುಗ್ಗುವುದನ್ನು ತೋರಿಸಿದರು. 1975ರಲ್ಲಿ ಆಡರ್ ಮತ್ತು ಕೋಹೆನ್, ರೋಗನಿರೋಧಕ ವ್ಯವಸ್ಥೆಯೂ ಮಿದುಳಿನ ಕಲಿಕೆಗೆ ಬಗ್ಗುತ್ತದೆಂದು ಕಂಡುಕೊಂಡರು. ನನಗೆ ಹೆಚ್ಚು ಹಿಡಿಸುವುದು ಮಾತ್ರ 2001ರ ಒಂದು ಸಣ್ಣ ಪ್ರಯೋಗ. ಅಮೆರಿಕದಲ್ಲಿ 27 ವಿದ್ಯಾರ್ಥಿಗಳ ಚರ್ಮಕ್ಕೆ ಸೆಲ್ಲೋಟೇಪ್ ಅಂಟಿಸಿ ಕೀಳುತ್ತ ಹೋದರು. ಹಾಗೆ ಮಾಡಿದಾಗ ಮೇಲ್ಪದರ ತೆಳುವಾಗಿ ಒಳಗಿನ ತೇವ ಆವಿಯಾಗುತ್ತದೆ. ಪದರ ಮತ್ತೆ ಕೂಡಿಕೊಂಡಂತೆ ಆ ಸೋರಿಕೆ ನಿಲ್ಲುತ್ತದೆ. ಅದೆಷ್ಟು ಬೇಗ ನಿಂತಿತೆಂದು ಯಂತ್ರವಿಟ್ಟು ಅಳೆದರು. ರಜೆಯಲ್ಲಿ ಬೇಗ ಕೂಡಿಕೊಂಡ ಚರ್ಮ, ಅದೇ ಹುಡುಗರ ಪರೀಕ್ಷೆಯ ದಿನಗಳಲ್ಲಿ ತಡಮಾಡಿತು. ಇದಕ್ಕೂ ಮುಂಚೆ, 1995ರಲ್ಲಿ, ಕೀಕೋಲ್ಟ್ ಗ್ಲೇಸರ್ ತಂಡ ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನ ಸಣ್ಣ ಗಾಯ ಮಾಯಲು ಇತರರಿಗಿಂತ ಸುಮಾರು 9 ದಿನ ಹೆಚ್ಚು ಹಿಡಿದದ್ದನ್ನು ದಾಖಲಿಸಿತ್ತು.

ಒಳಗೆ ನಡೆಯುವುದಿಷ್ಟು. ಚಿಂತೆ ಬಿಡದೆ ಕಾಡಿದಾಗ ಮಿದುಳಿನ ಸೂಚನೆಯಂತೆ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಸುರಿಸುತ್ತವೆ. ಚರ್ಮದ ಕೋಶಗಳ ನಡುವೆ ಗಾರೆಯಂತೆ ತುಂಬಿರುವ ಕೊಬ್ಬಿನಂಶ ಆಗ ಕಡಿಮೆ ತಯಾರಾಗುತ್ತದೆ. ಚರ್ಮ ಒಣಗುತ್ತದೆ, ಬಿರಿಯುತ್ತದೆ, ಹೊರಗಿನ ಕೊಳೆಗೆ ದಾರಿ ಬಿಡುತ್ತದೆ. ಇತ್ತ ನರಗಳ ತುದಿಯಿಂದ ಒಸರುವ ರಾಸಾಯನಿಕಗಳು ಚರ್ಮದಲ್ಲಿರುವ ‘ಮಾಸ್ಟ್’ ಎಂಬ ರಕ್ಷಣಾ ಕೋಶಗಳನ್ನು ಕೆರಳಿಸುತ್ತವೆ. ತುರಿಕೆ, ದದ್ದು ಏಳುತ್ತವೆ. ತುರಿಕೆಯಿಂದ ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟವರಿಗೆ ಚಿಂತೆ ಇಮ್ಮಡಿ. ಭ್ರೂಣದಲ್ಲಿ ಮಿದುಳೂ ಮೇಲ್ಚರ್ಮವೂ ಒಂದೇ ಪದರದಿಂದ ಹುಟ್ಟಿದವು, ಹೀಗಾಗಿ ಇವೆರಡರ ನಂಟು ಅಚ್ಚರಿಯದೇನಲ್ಲ.

ಎದುರು ದಿಕ್ಕಿನ ಹರಿವೂ ಇದೆ. ಚರ್ಮದ ಕಾಯಿಲೆ ಬದುಕನ್ನು ಎಷ್ಟು ಕುಗ್ಗಿಸಿತೆಂದು ಅಳೆಯಲು ಕಾರ್ಡಿಫ್‌ನ ಫಿನ್ಲೆ ಮತ್ತು ಖಾನ್ 1994ರಲ್ಲಿ 10 ಪ್ರಶ್ನೆಗಳ ಪಟ್ಟಿ ಮಾಡಿದರು. ನಾಚಿಕೆಯಾಯಿತೇ, ಬಟ್ಟೆಯ ಆಯ್ಕೆ ಬದಲಿಸಿದಿರಾ, ಕೆಲಸಕ್ಕೆ ಅಡ್ಡಿಯಾಯಿತೇ ಎಂಬಂಥ ಸರಳ ಪ್ರಶ್ನೆಗಳು. ಇವತ್ತು ಅದು ನೂರಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಮದುವೆ ಮಾತುಕತೆಗೆ ಉದ್ದ ತೋಳಿನ ರವಿಕೆ ತೊಟ್ಟು ಕೂರುವ ನಮ್ಮ ಹುಡುಗಿಯರಿಗೆ ಆ ಪ್ರಶ್ನೆಗಳು ಹೊಸವಲ್ಲ, ಕೇಳುವವರಿರಲಿಲ್ಲ ಅಷ್ಟೆ.

ಕರ್ನಾಟಕ ಈ ವಿಷಯದಲ್ಲಿ ಬಡ ನಾಡಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಿಮ್ಹಾನ್ಸ್ ಆಯಿತು. ಕರಾವಳಿಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಹಳ್ಳಿಗರ ಮನಸ್ಸಿನ ಸಂಕಟವನ್ನು ಅವರ ಮನೆಬಾಗಿಲಿಗೇ ಹೋಗಿ ಕೇಳಿದ ಕೆಲಸ ಅದು. ಎಂಬತ್ತರ ದಶಕದ ಬಳ್ಳಾರಿ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೇ ಮಾದರಿ. 2014ರ ಮನೋಚೈತನ್ಯ ಯೋಜನೆ ಮಂಗಳವಾರದ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ತಂದಿತು. ಚರ್ಮಕ್ಕೆ ನಮ್ಮವರು ಬಸ್ಸು ಹತ್ತುವುದು ದಾವಣಗೆರೆಗೆ. ಅಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿದೆ. ಎರಡೂ ಸೌಲಭ್ಯ ಉಂಟು, ಆದರೆ ಚರ್ಮದ ಚೀಟಿ ಬೇರೆ, ಮನಸ್ಸಿನ ಚೀಟಿ ಬೇರೆ.

ಆ ನಡುವಿನ ಖಾಲಿ ಜಾಗವನ್ನು ಸ್ಟೆರಾಯ್ಡ್ ಮುಲಾಮು ತುಂಬಿದೆ. ಹಚ್ಚಿದ ಮರುದಿನವೇ ತುರಿಕೆ ಅಡಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಹುಳುಕಡ್ಡಿ ಮೈತುಂಬ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದಿತು. ಚೀಟಿ ಕೇಳುವ ಅಂಗಡಿ ಇನ್ನೂ ಹುಡುಕಬೇಕು.

ಎಲ್ಲ ತುರಿಕೆಗೂ ಚಿಂತೆಯೇ ಕಾರಣವೆಂದು ಯಾರೂ ತಿಳಿಯಬಾರದು. ಮನೆಮಂದಿಗೆಲ್ಲ ರಾತ್ರಿ ತುರಿಕೆಯಾದರೆ ಅದು ಕಜ್ಜಿ ಇರಬಹುದು. ಸ್ಪರ್ಶ ತಿಳಿಯದ ಬಿಳಿಚು ಮಚ್ಚೆ ಕಂಡರೆ ಕುಷ್ಠದ ಪರೀಕ್ಷೆ ತಡವಾಗಕೂಡದು. ಮನಸ್ಸಿನ ಆರೈಕೆ ಔಷಧದ ಜೊತೆಗೆ ಹೋಗಬೇಕಾದದ್ದು. 1998ರಲ್ಲಿ ಜಾನ್ ಕಬಟ್ ಝಿನ್, ಬೆಳಕಿನ ಚಿಕಿತ್ಸೆಗೆ ನಿಂತ ಸೋರಿಯಾಸಿಸ್ ರೋಗಿಗಳಲ್ಲಿ ಕೆಲವರಿಗೆ ಧ್ಯಾನದ ಟೇಪು ಕೇಳಿಸಿದರು. ಅವರ ಕಲೆಗಳು ಉಳಿದವರಿಗಿಂತ ಬೇಗ ತಿಳಿಯಾದವು. ಚಿಕಿತ್ಸೆ ಅದೇ ಬೆಳಕು, ಜೊತೆಗೊಂದು ದನಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಆಸ್ಪತ್ರೆಗಳಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಇಸುಬು, ಸೋರಿಯಾಸಿಸ್, ತೊನ್ನು ಎಂದು ಬಂದವರನ್ನು ‘ನಿದ್ದೆ ಬರ್ತದಾ? ಮನಸ್ಸಿಗೆ ಬೇಸರ ಇದೆಯಾ?’ ಎಂದು ಕೇಳಿ, ಹೌದೆಂದವರನ್ನು ಮಂಗಳವಾರಕ್ಕೆ ಕಳಿಸಿದರೆ ಆಯಿತು. ಅಷ್ಟು ದಿನ ಕಾಯಲಾರದವರಿಗೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ: 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.