ಮುನ್ಶಿಯ ಮುಂದೆ ಕುಳಿತ ಪಾದ್ರಿ: ಬಾಸೆಲ್ ಮಿಶನ್ನಿನ ತರುಣರ ದಿನಚರಿ ಮತ್ತು ಅಂತರಂಗ

ಕಿಟೆಲ್ ಎಂದೊಡನೆ ನಮಗೆ ನೆನಪಾಗುವುದು ದಪ್ಪ ನಿಘಂಟು, ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಪ್ರತಿಮೆ. ಮೋಗ್ಲಿಂಗ್ ಎಂದರೆ 1843ರ ಜುಲೈ 1ರಂದು ಹೊರಬಂದ ‘ಮಂಗಳೂರ ಸಮಾಚಾರ’. ಇಬ್ಬರೂ ನಮ್ಮ ಮನಸ್ಸಿನಲ್ಲಿ ಹುಟ್ಟುವಾಗಲೇ ಮುದುಕರಾಗಿದ್ದವರಂತೆ ನಿಂತಿದ್ದಾರೆ. ಆದರೆ 1836ರ ಡಿಸೆಂಬರಿನಲ್ಲಿ ಮಂಗಳೂರಿಗೆ ಬಂದಾಗ ಹರ್ಮನ್ ಮೋಗ್ಲಿಂಗನಿಗೆ ಇಪ್ಪತ್ತೈದು ವರ್ಷ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್‌ಗೆ ಬರೀ ಇಪ್ಪತ್ತೊಂದು. ಈ ವಯಸ್ಸಿನ ಹುಡುಗರು ಬೆಳಗಿನಿಂದ ರಾತ್ರಿಯವರೆಗೆ ಇಲ್ಲಿ ಏನು ಮಾಡುತ್ತಿದ್ದರು? ಊರು ಬಿಟ್ಟು ಬರುವಾಗ ಹೊತ್ತು ತಂದ ಭಕ್ತಿಗೆ ಇಲ್ಲಿ ಏನಾಯಿತು? ಅವರ ಸಾಧನೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಈ ಲೇಖನ ಆ ಮೊದಲ ವರ್ಷಗಳ ಕಡೆ ನೋಡುತ್ತದೆ.

ಆಕರಗಳ ಬಗ್ಗೆ ಮೊದಲೇ ಒಂದು ಎಚ್ಚರಿಕೆ ಬೇಕು. ಬಾಸೆಲ್ ಪತ್ರಾಗಾರದಲ್ಲಿ ಕಾಗದಕ್ಕೆ ಬರವಿಲ್ಲ. ಮಿಶನರಿಗಳು ತಪ್ಪದೆ ವರದಿ ಕಳಿಸಬೇಕಿತ್ತು. ಅವುಗಳಲ್ಲಿ ಕೆಲವು ಸಂಸ್ಥೆಯ ಪತ್ರಿಕೆಗಳಲ್ಲಿ ಅಚ್ಚಾಗಿ, ದಕ್ಷಿಣ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಓದಲ್ಪಟ್ಟು, ಮಿಶನ್ನಿನ ಡಬ್ಬಿಗೆ ಕಾಸು ಬೀಳುವಂತೆ ಮಾಡುತ್ತಿದ್ದವು. ಓದುವವರು ಒಡೆಯರೂ ಹೌದು, ದಾನಿಗಳೂ ಹೌದು. ಹೀಗಿರುವಾಗ ತರುಣನೊಬ್ಬ ತನ್ನ ಆಧ್ಯಾತ್ಮಿಕ ಬೆಳವಣಿಗೆಯ ಬಗ್ಗೆ ಬರೆದ ಸಾಲನ್ನು ಹಾಗೆಯೇ ನಂಬುವುದು ಕಷ್ಟ. ಅವನ ಅಂತರಂಗವನ್ನು ಅವನ ನಿವೇದನೆಯಲ್ಲಿ ಹುಡುಕುವುದಕ್ಕಿಂತ ಅವನ ಕೆಲಸದಲ್ಲಿ ಹುಡುಕುವುದು ಮೇಲು ಎಂಬುದು ಈ ಲೇಖಕನ ಅನಿಸಿಕೆ.

1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಬೇರು ಇರುವುದು ವೂರ್ಟೆಂಬರ್ಗ್ ಸೀಮೆಯ ಪಯಟಿಸ್ಟ್ ಪಂಥದಲ್ಲಿ. ಶಾಸ್ತ್ರಪಾಂಡಿತ್ಯಕ್ಕಿಂತ ಎದೆಯ ಪರಿವರ್ತನೆ ದೊಡ್ಡದು, ಆ ಪರಿವರ್ತನೆ ದಿನದಿನದ ನಡತೆಯಲ್ಲಿ ಕಾಣಬೇಕು ಎಂಬುದು ಆ ಪಂಥದ ಹಟ. ಬಾಸೆಲಿನ ಶಿಕ್ಷಣಾಲಯಕ್ಕೆ ಸೇರಬಯಸುವವನು ತನ್ನ ಜೀವನಕಥೆ ಬರೆದುಕೊಡಬೇಕು. ದೇವರು ತನ್ನನ್ನು ಯಾವಾಗ, ಹೇಗೆ ಹಿಡಿದ ಎಂಬುದು ಅದರಲ್ಲಿ ಇರಲೇಬೇಕು. ಬಂದವರಲ್ಲಿ ಹೆಚ್ಚಿನವರು ರೈತರ, ನೇಕಾರರ, ಬಡಗಿಗಳ ಮಕ್ಕಳು. ಅವರ ನಡುವೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ ಮೋಗ್ಲಿಂಗ್ ಬೇರೆಯಾಗಿ ಕಾಣುತ್ತಿದ್ದ. ಪಾದ್ರಿಯ ಹಿರಿಮಗ, ಉತ್ತರ ಸಮುದ್ರದಂಚಿನ ಪೂರ್ವ ಫ್ರೀಸ್‌ಲೆಂಡಿನಿಂದ ಬಂದ ಕಿಟೆಲ್ ಇನ್ನೂ ಬೇರೆ. ದಕ್ಷಿಣದವರೇ ತುಂಬಿದ್ದ ಮನೆಯಲ್ಲಿ ಅವನೊಬ್ಬ ಬಡಗಣವನು.

ಆ ಮನೆಯಲ್ಲಿ ಗಂಟೆಯದೇ ಆಳ್ವಿಕೆ. ಪ್ರಾರ್ಥನೆ, ಪಾಠ, ಊಟ, ಕೈಕೆಲಸ ಎಲ್ಲಕ್ಕೂ ಹೊತ್ತು ಗೊತ್ತು. ಒಬ್ಬನ ಕುಂದನ್ನು ಇನ್ನೊಬ್ಬ ಸಹೋದರಭಾವದಿಂದ ಎತ್ತಿ ಹೇಳುವುದು ಧರ್ಮವೆನಿಸಿತ್ತು. ಬಾಸೆಲಿನ ಈ ಶಿಸ್ತನ್ನು ಸಮಾಜಶಾಸ್ತ್ರದ ಕಣ್ಣಿನಿಂದ ನೋಡಿದ ಜಾನ್ ಮಿಲ್ಲರ್, ಪರಸ್ಪರ ಕಣ್ಗಾವಲೇ ಸಂಸ್ಥೆಯನ್ನು ಹಿಡಿದಿಟ್ಟಿತು, ಅದೇ ಅದನ್ನು ಒಳಗಿಂದ ಕೊರೆಯಿತು ಎಂದು ವಾದಿಸಿದ್ದಾರೆ. ಅವರ ಅಧ್ಯಯನ ಆಫ್ರಿಕಾದ ಗೋಲ್ಡ್ ಕೋಸ್ಟ್ ಕುರಿತದ್ದು. ಆದರೆ ಕಿಟೆಲ್ ಕಥೆಗೂ ಈ ಮಾತು ಸಲ್ಲುತ್ತದೆ.

ಮಂಗಳೂರಿನಲ್ಲಿ ಬದುಕಿನ ಚೌಕಟ್ಟು ಅದೇ, ಒಳಗಿನ ಚಿತ್ರ ಬೇರೆ. ಮುಂಜಾನೆಯ ಪ್ರಾರ್ಥನೆ ಉಳಿಯಿತು. ಆಮೇಲೆ ಶಾಲೆ, ಲೆಕ್ಕಪತ್ರ, ಕಾಯಿಲೆಯವರ ವಿಚಾರಣೆ, ಸಂಜೆ ಸಂತೆಯಲ್ಲೋ ಬೀದಿಯಲ್ಲೋ ಉಪದೇಶ. ಕರಾವಳಿಯಲ್ಲಿ ಜಡಿಮಳೆಯ ತಿಂಗಳುಗಳು ಬರಹಕ್ಕೂ ಓದಿಗೂ ಮೀಸಲು. ಮಳೆ ಹಿಂದಾದ ಮೇಲೆ ಊರೂರು ತಿರುಗಾಟ, ಜಾತ್ರೆಗಳಲ್ಲಿ ಮಾತು. ಜ್ವರ, ಆಮಶಂಕೆ, ಕಾಲರಾ ಹೇಳಿ ಕೇಳಿ ಬರುವಂಥವಲ್ಲ. ಮೋಗ್ಲಿಂಗನ ಆಪ್ತ ಸಂಗಡಿಗ ಗಾಟ್‌ಫ್ರೀಡ್ ವೈಗ್ಲೆ ನಲವತ್ತು ತುಂಬುವ ಮೊದಲೇ, 1855ರಲ್ಲಿ, ತೀರಿಕೊಂಡ.

ಈ ದಿನಚರಿಯ ನಡುವೆ ದೊಡ್ಡ ಪಾಲು ಕಬಳಿಸುತ್ತಿದ್ದದ್ದು ಮುನ್ಶಿಯ, ಅಂದರೆ ಕನ್ನಡ ಕಲಿಸುವ ಸ್ಥಳೀಯ ಶಿಕ್ಷಕನ, ಪಾಠ. ಉಪದೇಶಿಸಲು ಬಂದವನು ಓನಾಮದಿಂದ ಶುರುಮಾಡಬೇಕು. ಕಾಗುಣಿತ, ಒತ್ತಕ್ಷರ, ಲಕಾರ ಬೇರೆ, ಳಕಾರ ಬೇರೆ. (ನೀನು-ನೀವುಗಳ ಕಟ್ಟಳೆ ಮಾತ್ರ ಜರ್ಮನರಿಗೆ ಅಷ್ಟು ಕಾಡಿರಲಾರದು. ಅವರ ಭಾಷೆಯಲ್ಲೂ ಅದುಂಟು. ಈ ಒಂದು ವಿಷಯದಲ್ಲಿ ಇಂಗ್ಲಿಷರಿಗಿಂತ ಅವರು ಪುಣ್ಯವಂತರು.) ಕೈಗೆ ಸಿಗುತ್ತಿದ್ದ ಆಸರೆ ಬಹಳವಿಲ್ಲ: ವಿಲಿಯಂ ಕೇರಿಯ 1817ರ ವ್ಯಾಕರಣ, ಮೆಕೆರೆಲ್‌ನ 1820ರ ವ್ಯಾಕರಣ, ವಿಲಿಯಂ ರೀವ್‌ನ 1832ರ ಕನ್ನಡ-ಇಂಗ್ಲಿಷ್ ಕೋಶ. ಮೂರೂ ಇಂಗ್ಲಿಷಿನವು. ಅಂದರೆ ವೂರ್ಟೆಂಬರ್ಗಿನ ಹುಡುಗ ಕನ್ನಡದ ಬಾಗಿಲಿಗೆ ಇಂಗ್ಲಿಷಿನ ಜಗಲಿ ಹತ್ತಿಯೇ ಬರಬೇಕು. ಪುಸ್ತಕಕ್ಕೆ ತಿಳಿಯದ್ದನ್ನು ಹೇಳಬಲ್ಲವನು ಮುನ್ಶಿ ಒಬ್ಬನೇ. ಪರಧರ್ಮೀಯನೆಂದು ತಾನು ಎಣಿಸಿದವನ ಮುಂದೆ ದಿನವೂ ತಪ್ಪಾಗಿ ಮಾತಾಡಿ ತಿದ್ದಿಸಿಕೊಳ್ಳುವುದು, ಬಾಸೆಲಿನ ಪಾಠಪಟ್ಟಿಯಲ್ಲಿ ಇಲ್ಲದ ವಿನಯದ ಸಾಧನೆ. ದುರದೃಷ್ಟವೆಂದರೆ ಪತ್ರಾಗಾರದಲ್ಲಿ ಮುನ್ಶಿ ಮಿಶನರಿಯ ವಾಕ್ಯದೊಳಗೆ ಬಂದುಹೋಗುತ್ತಾನೆ, ತನ್ನ ವಾಕ್ಯವನ್ನು ತಾನು ಆಡುವುದಿಲ್ಲ.

ಭಾಷೆ ಇಲ್ಲಿ ಉಪದೇಶದ ಸಲಕರಣೆಯಷ್ಟೇ ಆಗಿರಲಿಲ್ಲ. ಪಯಟಿಸ್ಟರ ನಂಬಿಕೆಯ ಕೇಂದ್ರದಲ್ಲಿದ್ದ ಪದವೇ ‘ಮತ್ತೆ ಹುಟ್ಟುವುದು’. ಅದನ್ನು ‘ಪುನರ್ಜನ್ಮ’ ಎಂದರೆ ಸಂತೆಯಲ್ಲಿ ನಿಂತವನು ತಲೆಯಾಡಿಸಿ, ಇದು ನಮ್ಮಲ್ಲೂ ಇದೆಯಲ್ಲ ಎಂದು ಹೊರಟುಹೋಗುತ್ತಾನೆ. ಪಾಪ ಎಂದರೆ ಕರ್ಮದ ಲೆಕ್ಕ ಜೊತೆಗೆ ಬರುತ್ತದೆ. ಬಲಿ ಎಂದರೆ ಮಾರಿಗುಡಿಯ ಕೋಣ, ಯಜ್ಞ ಎಂದರೆ ವೇದ. ಎಳೆಯನಾಗಿದ್ದಾಗ ಜರ್ಮನ್ ಪದಗಳಲ್ಲಿ ಸಲೀಸಾಗಿ ಹೊಂದಿಕೊಂಡಿದ್ದ ನಂಬಿಕೆಯನ್ನು ಇಲ್ಲಿ ಒಂದೊಂದು ಪದಕ್ಕೂ ಬಿಚ್ಚಿ ನೋಡಬೇಕಾಯಿತು. ಕಿಟೆಲ್ 1872ರಲ್ಲಿ ‘ಯಜ್ಞಸುಧಾನಿಧಿ’ ಬರೆದದ್ದು ಈ ಬಿಚ್ಚುವಿಕೆಯ ಮುಂದುವರಿಕೆ. ಅದಕ್ಕೂ ಹತ್ತು ವರ್ಷ ಮೊದಲು, 1862ರ ‘ಕಥಾಮಾಲೆ’ಯಲ್ಲಿ ಅವನು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿದ್ದ. ಮೂವತ್ತರ ಪಾದ್ರಿಯೊಬ್ಬ ತನ್ನ ದೇವರ ಕಥೆಯನ್ನು ಕೇಳುಗರ ಧಾಟಿಯಲ್ಲಿ ಹೇಳಲು ತೀರ್ಮಾನಿಸಿದನೆಂದರೆ, ಒಳಗೆ ಏನೋ ಸರಿದಿರಲೇಬೇಕು.

ಮೋಗ್ಲಿಂಗನ ಸರಿದಾಟ ಬೇರೆ ಬಗೆಯದು. ಬಲ್ಮಠದ ಗುಡ್ಡದ ಮೇಲೆ ಹುಡುಗರ ಶಾಲೆ ನಡೆಸುತ್ತ ಅವನು ಭಾರತೀಯರಿಗೆ ಭಾರತೀಯನಾಗಬೇಕು ಎಂದು ಹೊರಟವನು. ಯೆಹೂದ್ಯರಿಗೆ ಯೆಹೂದ್ಯನಾದ ಪೌಲನ ದಾರಿಯ ಕನ್ನಡ ಅವತಾರ ಅದು. ವಿಗ್ರಹಾರಾಧನೆಯನ್ನು ಕೀಳಲು ಬಂದವನೇ 1848ರಿಂದ 1853ರ ನಡುವೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನು, ಬಸವಪುರಾಣವನ್ನು, ದಾಸರ ಪದಗಳನ್ನು ಕಲ್ಲಚ್ಚಿಗೆ ಹಾಕಿದ. ಹಣ ಕೊಟ್ಟವನು ಈಸ್ಟ್ ಇಂಡಿಯಾ ಕಂಪನಿಯ ನಿವೃತ್ತ ಅಧಿಕಾರಿ ಕಸಮೇಜರ್. ಶತ್ರುವಿನ ಬಲ ಅರಿಯಲು ಅಚ್ಚುಹಾಕಿದ ಎಂಬ ವಿವರಣೆ ಸುಲಭ, ಅದರಲ್ಲಿ ಸತ್ಯದ ಅಂಶವೂ ಉಂಟು. ಆದರೆ ಮುಂದೆ ದಾಸರ ಹಾಡುಗಳನ್ನು ಅವನೇ ಜರ್ಮನ್ ಭಾಷೆಗೆ ಅನುವಾದಿಸಿದ. ತನಗೆ ಹೃದಯದಿಂದ ಮಾತಾಡುವ ಭಕ್ತಿಯೇ ಬೇಕೆಂದು ಬೆಳೆದವನಿಗೆ ಪುರಂದರದಾಸರ, ಕನಕದಾಸರ ಪದಗಳು ಪೂರ್ತಿ ಪರಕೀಯವಾಗಿ ಕೇಳಿಸಿರಲಾರವು.

ಎರಡು ತಲೆಮಾರುಗಳ ನಡುವೆ ಒಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಮೋಗ್ಲಿಂಗ್ ಬಂದಾಗ ಕರ್ನಾಟಕದ ಬಾಸೆಲ್ ಮಿಶನ್ನಿಗೆ ಎರಡೇ ವರ್ಷ. ಕಟ್ಟಳೆಗಳು ಸಡಿಲ, ಬಾಸೆಲ್ ದೂರ. 1851-52ರಲ್ಲಿ ಸಂಸ್ಥೆಯ ಮುಖ್ಯಸ್ಥ ಯೋಸೆಫ್ ಯೋಸೆನ್‌ಹಾನ್ಸ್ ಖುದ್ದು ಇಲ್ಲಿಗೆ ಬಂದು ಎಲ್ಲ ತಪಾಸಣೆ ಮಾಡಿ ಹೋದ ಮೇಲೆ ಹಗ್ಗ ಬಿಗಿಯಾಯಿತು. ಮದುವೆಗೆ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕು. ಹುಟ್ಟಿದ ಮಕ್ಕಳನ್ನು ಎಳೆವಯಸ್ಸಿನಲ್ಲೇ ಬಾಸೆಲಿನ ಮಕ್ಕಳ ಮನೆಗೆ ಕಳಿಸಬೇಕು. ಕಿಟೆಲ್ ಬಂದದ್ದು ಈ ಬಿಗಿಯ ಕಾಲಕ್ಕೆ. ಬಂದು ಏಳು ವರ್ಷದ ಮೇಲೆ, 1860ರಲ್ಲಿ, ಪೌಲೀನೆ ಐಟ್ ಅವನ ಕೈಹಿಡಿದಳು. 1864ರಲ್ಲಿ ಆಕೆ ತೀರಿಕೊಂಡಳು. ನಂತರ ಆಕೆಯ ತಂಗಿ ಯೂಲಿಯಳೊಂದಿಗೆ ಎರಡನೆಯ ಮದುವೆ.

ಕಿಟೆಲ್‌ಗೆ ಸಂಸ್ಥೆಯೊಂದಿಗಿನ ಇರುಸುಮುರುಸು ಮೊದಲಿನಿಂದಲೂ ಇತ್ತು. ಇಲ್ಲಿನ ನುಡಿ, ಆಚಾರ, ಸಂಗೀತಗಳಲ್ಲಿ ಅವನು ಮುಳುಗಿದ್ದನ್ನು ಸಹೋದ್ಯೋಗಿಗಳು ಕೆಲಸಗಳ್ಳತನವೆಂಬಂತೆ ಕಂಡರು. ಎಷ್ಟು ಜನರಿಗೆ ದೀಕ್ಷಾಸ್ನಾನವಾಯಿತು ಎಂಬ ಲೆಕ್ಕದಲ್ಲಿ ಅವನ ಹೆಸರಿನ ಮುಂದೆ ಬರೆಯಲು ಹೆಚ್ಚೇನೂ ಇರಲಿಲ್ಲ. ರೈನ್‌ಹಾರ್ಟ್ ವೆಂಟ್ ಸಂಪಾದಿಸಿ 2006ರಲ್ಲಿ ಹೊರಬಂದ ಗ್ರಂಥದ ಶೀರ್ಷಿಕೆಯೇ ಅವನ ಆರಂಭದ ಸೋಲನ್ನೂ ಸತ್ತ ಮೇಲಿನ ಗೆಲುವನ್ನೂ ಒಟ್ಟಿಗೆ ಇಟ್ಟು, ಭಾರತೀಯರಿಗೆ ಭಾರತೀಯನಾದನೇ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆ ಚಿಹ್ನೆ ಅಲ್ಲೇ ಇರಲಿ. ಸುಮಾರು 70,000 ಪದಗಳ 1894ರ ಕೋಶದಲ್ಲಿ ವ್ಯಾಕರಣಕಾರ ಕೇಶಿರಾಜನ ಸೂತ್ರದ ಪಕ್ಕದಲ್ಲೇ ಆಡುಮಾತಿನ ಗಾದೆಯನ್ನು ಕೂರಿಸುವ ತಾಳ್ಮೆ ಅರವತ್ತರ ವಯಸ್ಸಿನಲ್ಲಿ ದಿಢೀರನೆ ಹುಟ್ಟಿದ್ದಲ್ಲ. ಇಪ್ಪತ್ತರ ಹುಡುಗ ಮುನ್ಶಿಯ ಮುಂದೆ ಕುಳಿತು ಕಲಿತದ್ದು ಅದು.

ಇದೇ ಕಥೆ ತಿರುವುಮುರುವಾಗಿಯೂ ನಡೆದಿದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿನ್ಯ 1844ರಲ್ಲಿ ಮೋಗ್ಲಿಂಗನ ಪ್ರಭಾವದಿಂದ ಕ್ರೈಸ್ತನಾದಾಗ ಊರಲ್ಲಿ ಗಲಭೆಯೆದ್ದಿತು. ಹೆಂಡತಿ ಲಕ್ಷ್ಮಿ ಅವನ ಜೊತೆ ಹೋಗಲು ಒಪ್ಪಲಿಲ್ಲ. ಅವನ ‘ಹೊಸ ಹುಟ್ಟಿ’ಗೆ ಬೆಲೆ ತೆತ್ತವರಲ್ಲಿ ಆಕೆಯೂ ಒಬ್ಬಳು. 1846ರಲ್ಲಿ ಅವನು ಬಾಸೆಲಿಗೆ ಹೋದ. ಈಗ ಪರದೇಶಿ ಇವನು. ಚಳಿ, ಜರ್ಮನ್ ವ್ಯಾಕರಣ, ಗಂಟೆ ಬಾರಿಸಿದಂತೆ ಏಳುವುದು ಎಲ್ಲವೂ ಇವನ ಪಾಲಿಗೆ. 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ಮಿಶನರಿಯಾಗಿ ಮರಳಿದ. ಕಿಟೆಲ್ ಅದೇ ಶಿಕ್ಷಣಾಲಯಕ್ಕೆ ಸೇರಿದ್ದು 1850ರಲ್ಲಿ. ಹಾಗಾಗಿ ಕೆಲವು ತಿಂಗಳು ಆ ಮನೆಯ ಗಂಟೆಗೆ, ಜರ್ಮನ್ ಕಲಿತು ಊರಿಗೆ ಹೊರಟ ಮಂಗಳೂರಿನ ತರುಣನೂ, ಮುಂದೆ ಕನ್ನಡ ಕಲಿಯಲಿದ್ದ ಫ್ರೀಸ್‌ಲೆಂಡಿನ ಹುಡುಗನೂ ಒಟ್ಟಿಗೇ ಏಳುತ್ತಿದ್ದರು.