ಪಡುವಣ ಕರಾವಳಿ: ಚೆಲುವು ಮತ್ತು ಎಲ್ಲೆ

ಜೋಳ ತೊಗರಿಗಳ ಎರೆಭೂಮಿಯಲ್ಲಿ ನೆಲೆಸಿರುವ ಹನ್ನೂರ, ಅಕ್ಕಲಕೋಟ ಸೀಮೆಯ ಕನ್ನಡಿಗರಿಗೆ ಪಡುವಣ ಕಡಲು ಬಹು ದೂರದ್ದು. ಆದರೂ ಆ ಕರಾವಳಿಗೂ ನಮ್ಮ ಸೀಮೆಗೂ ಎರಡು ನಂಟುಗಳುಂಟು. ಒಂದು ಪ್ರಕೃತಿಯದು, ಇನ್ನೊಂದು ಇತಿಹಾಸದ್ದು.

ಕಡಲಿನಿಂದೇಳುವ ಮುಂಗಾರು ಮೋಡಗಳನ್ನು ಸಹ್ಯಾದ್ರಿಯು ತಡೆದು ನಿಲ್ಲಿಸುತ್ತದೆ. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಸೊಲ್ಲಾಪುರದ ಪಾಲಿಗೆ ಬರುವುದು ಅದರ ಹತ್ತರಲ್ಲೊಂದು ಭಾಗ ಮಾತ್ರ. ನಮ್ಮ ಭೀಮೆ ಅದೇ ಸಹ್ಯಾದ್ರಿಯಲ್ಲಿ ಹುಟ್ಟಿ ಮೂಡಲಿಗೆ ಹರಿದರೆ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಪಡುವಲಿಗೆ ಧುಮುಕಿ ಬೇಗನೆ ಕಡಲನ್ನು ಸೇರುತ್ತವೆ. ಜೋಗದಲ್ಲಿ ಶರಾವತಿಯು 253 ಮೀಟರು ಆಳಕ್ಕೆ ಬೀಳುವ ದೃಶ್ಯ ಲೋಕವಿಖ್ಯಾತವಾದುದು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ಪುರಾತನ ಲಾವಾರಸವು ತಣಿದು ಬಹುಕೋನದ ಶಿಲಾಸ್ತಂಭಗಳಾಗಿ ನಿಂತಿದೆ. ಕಾರವಾರದ ಕಡಲತೀರವು 1883ರಲ್ಲಿ ತರುಣ ರವೀಂದ್ರನಾಥ ಠಾಕೂರರ ಮನವನ್ನು ಸೆರೆಹಿಡಿದಿತ್ತು.

ಪ್ರಕೃತಿಯು ಒಂದಾಗಿ ನಿರ್ಮಿಸಿದ ಈ ನಾಡನ್ನು ಆಳಿದವರು ಮಾತ್ರ ಒಂದಾಗಿ ಉಳಿಯಗೊಡಲಿಲ್ಲ. 1799ರಲ್ಲಿ ಟಿಪ್ಪುವಿನ ಪತನಾನಂತರ ಕುಂಪಣಿ ಸರಕಾರದ ವಶವಾದ ಕನ್ನಡ ಜಿಲ್ಲೆಯು ಮದರಾಸಿಗೆ ಸೇರಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಡಲಾಯಿತು. ಹೀಗೆ ಅಗಲಿದ ಎರಡು ಭಾಗಗಳು 1956ರ ನವೆಂಬರ 1ರಂದು ಮೈಸೂರು ರಾಜ್ಯದಲ್ಲಿ ಮರಳಿ ಕೂಡಿದುವು. ಆದರೆ ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. ರಾಷ್ಟ್ರಕವಿ ಗೋವಿಂದ ಪೈಗಳ ಮಂಜೇಶ್ವರವೂ, ಇಕ್ಕೇರಿಯ ನಾಯಕರು ಕಟ್ಟಿಸಿದ ಬೇಕಲದ ಕಡಲಕೋಟೆಯೂ ಗಡಿಯಾಚೆ ಉಳಿದುವು.

ಇತ್ತ ಅಕ್ಕಲಕೋಟದ ಸಂಸ್ಥಾನವು 1948ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾಗಿ, 1960ರಲ್ಲಿ ಆ ಸೀಮೆ ಮಹಾರಾಷ್ಟ್ರಕ್ಕೆ ಸೇರಿತು. ಕಡಲಂಚಿನ ಕಾಸರಗೋಡನ್ನೂ ಬಯಲುಸೀಮೆಯ ಅಕ್ಕಲಕೋಟವನ್ನೂ ಒಂದೇ ಕಾಗದದಲ್ಲಿ ಕೂಡಿಸಿದ್ದು ಮಹಾಜನ ಆಯೋಗ. 1966ರಲ್ಲಿ ನೇಮಕಗೊಂಡ ಈ ಆಯೋಗವು 1967ರ ತನ್ನ ವರದಿಯಲ್ಲಿ ಅನೇಕ ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡಬೇಕೆಂದಿತು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಪ್ರದೇಶವೂ ಅಕ್ಕಲಕೋಟವೂ ಮೈಸೂರಿಗೆ ಸೇರತಕ್ಕವೆಂದೂ ಹೇಳಿತು. ವರದಿಯು ಜಾರಿಗೆ ಬರಲಿಲ್ಲ. ಎರಡೂ ಸೀಮೆಗಳ ಕನ್ನಡಿಗರು ಇದ್ದಲ್ಲಿಯೇ ಉಳಿದು ಶಾಲೆ, ಗ್ರಂಥಾಲಯ, ಸಂಘಗಳ ಮೂಲಕ ನುಡಿಯನ್ನು ಕಾಯಬೇಕಾಯಿತು.

ಆದುದರಿಂದ ಕರಾವಳಿಯ ಯಾತ್ರೆಗೆ ಹೊರಟ ನಮ್ಮ ಬಂಧುಗಳು ಗೋಕರ್ಣ, ಉಡುಪಿ, ಮಂಗಳೂರುಗಳನ್ನು ನೋಡಿ ತಲಪಾಡಿಯ ಗಡಿಯಲ್ಲಿಯೇ ಹಿಂದಿರುಗಬಾರದು. ಮಂಜೇಶ್ವರದಲ್ಲಿ ಕವಿಯ ಮನೆಯನ್ನು ಕಂಡು, ಚಂದ್ರಗಿರಿಯನ್ನು ದಾಟಿ, ಬೇಕಲದ ಕೊತ್ತಲದ ಮೇಲೆ ನಿಂತು ಕಡಲನ್ನು ನೋಡಬೇಕು. ನಮ್ಮಂತೆಯೇ ಗಡಿಯಲ್ಲಿ ಬಾಳುವ ಅಲ್ಲಿಯ ಕನ್ನಡಿಗರೊಡನೆ ನಾಲ್ಕು ಮಾತನಾಡಿ ಬರಬೇಕು. ರಾಜ್ಯಗಳ ಎಲ್ಲೆ ಎಲ್ಲಿಯೇ ಇರಲಿ, ಈ ಹೋಗಿಬರುವ ಬಳಕೆ ತಪ್ಪದಿದ್ದರೆ ನುಡಿಯ ನಂಟು ಉಳಿದೀತು.